ನೆರಳು ಅಳೆಸಿದ ಮೇಷ್ಟ್ರು

ಸಾರ್ ತೀರಿಕೊಂಡರು ಅಂತ ಬಿ.ಎಡ್.ನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಹಿಂದೂಪುರದಿಂದ ಫೋನ್ ಮಾಡಿದ. ನನ್ನ ಬಾಯಿಂದ ಮೊದಲು ಬಂದ ಮಾತು, "ಯಾರು ಹೇಳಿದ್ದು? ನೀನು ನೋಡಿದ್ಯಾ?" ಅವನು ಸಾವಿನ ಸುದ್ದಿ ಹೇಳುತ್ತಿದ್ದೇನೆ ಅನ್ನೋದನ್ನೂ ಮರೆತು ನಕ್ಕುಬಿಟ್ಟ. "ಸಾರ್ ಪಾಠ ನಿಂಗೆ ಚೆನ್ನಾಗೇ ಹತ್ತೈತೆ ಬಿಡು" ಅಂದ.

ಆ ಎರಡು ಪ್ರಶ್ನೆ ಅವರದೇ. ಆಂಧ್ರದ ಗಡಿಯ ಹಿಂದೂಪುರದಲ್ಲಿದ್ದ ನಮ್ಮ ಕಾಲೇಜಿನಲ್ಲಿ ಅವರು ವಿಜ್ಞಾನ ಕಲಿಸುವ ಬಗೆ ಹೇಳಿಕೊಡುತ್ತಿದ್ದರು. ಸಣಕಲು ಆಳು, ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಒಂದು ಚಿಕ್ಕ ಅಳತೆ ಪಟ್ಟಿ. ಲೇಪಾಕ್ಷಿ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪಾಠ ತೆಲುಗಿನಲ್ಲಿ, ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ನಾವು ಬರೆದ ಪಾಠಯೋಜನೆಯ ಪುಸ್ತಕ ಕೈಗೆ ಸಿಕ್ಕರೆ ಮೊದಲು ಓದುತ್ತಿರಲಿಲ್ಲ. ಕಿಟಕಿ ಹತ್ತಿರ ಹಿಡಿದು ಮೊದಲ ಪುಟದ ಇಂಕು, ಕೊನೆ ಪುಟದ ಇಂಕು ಒಂದೇ ಬಣ್ಣ ಇದೆಯಾ ನೋಡುತ್ತಿದ್ದರು. "ಮೂವತ್ತು ದಿನದ ಪಾಠ ಒಂದೇ ದಿನ ಬರ್ದ್‌ಬುಟ್ಟಿದ್ದೀಯಲ್ಲಮ್ಮ, ಕೈ ನೋಯ್ಲಿಲ್ವಾ?" ಅನ್ನುತ್ತಿದ್ದರು. ಅದು ಬಹುತೇಕ ನಿಜವೇ ಆಗಿರುತ್ತಿತ್ತು, ಅದೇ ನಮಗೆ ಹೊಟ್ಟೆಯುರಿ. ಒಮ್ಮೆ ಜೊತೆಯ ಲೆಕ್ಚರರ್ ಒಬ್ಬರು ಮಗ ಪಾಸಾದ ಅಂತ ಪೇಡ ಹಂಚಿದಾಗ, ಪೇಡ ಬಾಯಲ್ಲಿ ಇಟ್ಟುಕೊಂಡೇ "ಮಾರ್ಕ್ಸ್ ಕಾರ್ಡ್ ಕೈಗೆ ಬಂತಾ?" ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ. ಬೆನ್ನ ಹಿಂದೆ ನಾವು ಅವರನ್ನು 'ಅನುಮಾನಂ ಸಾರ್' ಅನ್ನುತ್ತಿದ್ದೆವು. ಅದೂ ಅವರಿಗೆ ಗೊತ್ತಿತ್ತು ಅಂತ ನನ್ನ ಅನುಮಾನ.

ಆಗಿನ್ನೂ ಎಲ್ಲರ ಕೈಗೂ ಮೊಬೈಲ್ ಬಂದಿರಲಿಲ್ಲ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಆರು ಪೆಟ್ಟಿಗೆಗಳಿದ್ದವು, ಎರಡು ಕೆಲಸ ಮಾಡುತ್ತಿದ್ದವು. ಅಂಥ ಹೊತ್ತಿನಲ್ಲಿ ಪ್ರಿನ್ಸಿಪಾಲರಿಗೆ ಒಂದು ಪತ್ರ ಬಂತು. ಕೀನ್ಯಾ ದೇಶದ ಒಂದು, ಪೋಲೆಂಡ್ ದೇಶದ ಒಂದು, ನಮ್ಮದೊಂದು, ಹೀಗೆ ಮೂರು ಶಿಕ್ಷಕರ ಕಾಲೇಜಿನ ವಿದ್ಯಾರ್ಥಿಗಳು ಇಂಟರ್‌ನೆಟ್ಟಿನಲ್ಲಿ ಒಂದು ಪಾಠವನ್ನು ಕೂಡಿ ತಯಾರು ಮಾಡುವುದು. ಅದನ್ನು ತಮ್ಮ ತಮ್ಮ ಊರಿನ ಮಕ್ಕಳಿಗೆ ಕಲಿಸುವುದು. ಕಲಿಸಿದ ಮೇಲೆ ಹೇಗಾಯಿತು ಅಂತ ಒಬ್ಬರಿಗೊಬ್ಬರು ಬರೆಯುವುದು. ಪ್ರಿನ್ಸಿಪಾಲರು ಆ ಕೆಲಸವನ್ನು ಸಾರ್ ತಲೆಗೆ ಕಟ್ಟಿದರು. ಸಾರ್ ಪತ್ರವನ್ನು ಎರಡು ಸಲ ಓದಿ ಕೇಳಿದ್ದು ಒಂದೇ ಮಾತು: "ಇದ್ರಲ್ಲಿ ಅವ್ರಿಗೇನು ಲಾಭ?"

ನಮ್ಮ ಕಡೆಯಿಂದ ಐದು ಜನ ಸೇರಿದೆವು. ಅದರಲ್ಲಿ ನಾನೊಬ್ಬಳು, ಕಲ್ಯಾಣದುರ್ಗದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರ ಮಗಳು. ನಾಗರತ್ನ ಇನ್ನೊಬ್ಬಳು. ಅವಳು ಕಂಬದೂರು ಕಡೆಯವಳು, ಮನೆಯವರು ಕುರಿ ಕಾಯುವವರು. ಸರ್ಕಾರದ ವಸತಿ ಶಾಲೆಯಲ್ಲಿ ಓದಿದ್ದರಿಂದ ನಮ್ಮ ಐವರಲ್ಲಿ ಇಂಗ್ಲಿಷ್ ತಡವರಿಸದೆ ಬರೆಯುತ್ತಿದ್ದವಳು ಅವಳೊಬ್ಬಳೇ. ಅವಳ ಮೊದಲ ಪತ್ರ ನೋಡಿ ಸಾರ್ ಕನ್ನಡಕ ಹಣೆಗೇರಿಸಿದರು.

"ಇದು ನೀನೇ ಬರ್ದಿದ್ದಾ?"

"ಹೂಂ ಸಾರ್."

"ಎಲ್ಲಿಂದ ಎತ್ಕಂಡೆ?"

ನಾಗರತ್ನ ಅಲ್ಲೇ ಕುರ್ಚಿಯಲ್ಲಿ ಕೂತು, ಅವರ ಕಣ್ಣೆದುರಿಗೇ ಇನ್ನೊಂದು ಪತ್ರ ಟೈಪ್ ಮಾಡಿದಳು, ಮೊದಲಿನದಕ್ಕಿಂತ ಚೆನ್ನಾಗಿ. ಸಾರ್ ನಿಂತು ನೋಡಿದರು. ಒಪ್ಪಿಕೊಂಡರು ಅಂತ ನಾವಂದುಕೊಂಡೆವು. ಆದರೆ ಅವರ ಮನಸ್ಸಿಗೆ ಒಮ್ಮೆ ಹೊಕ್ಕ ಅನುಮಾನ ಅಷ್ಟು ಸುಲಭಕ್ಕೆ ಹೊರಗೆ ಬರುವಂಥದ್ದಾಗಿರಲಿಲ್ಲ.

ಆ ಕಡೆಯವರನ್ನೂ ಅವರು ಬಿಡಲಿಲ್ಲ. ಕೀನ್ಯಾದಲ್ಲಿ ಗ್ರೇಸ್ ಅಂತ ಒಬ್ಬಳು, ಪೋಲೆಂಡಿನಲ್ಲಿ ಮಾರ್ತಾ ಅಂತ ಒಬ್ಬಳು ನಮಗೆ ಹೆಚ್ಚಾಗಿ ಬರೆಯುತ್ತಿದ್ದರು. "ಹೆಸ್ರು ಯಾರ್ ಬೇಕಾದ್ರೂ ಇಟ್ಕಬೋದು ಕಣಮ್ಮ. ಅವ್ರು ಮೇಷ್ಟ್ರಾಗೋರೇ ಅಂತ ಏನ್ ಗ್ಯಾರಂಟಿ? ಅವ್ರೂರ ಸಂತೆ ಯಾವತ್ತು ಅಂತ ಕೇಳು." ನಾವು ನಾಚಿಕೆಯಿಂದಲೇ ಕೇಳಿದೆವು. ಗ್ರೇಸ್ ಸಂತೆಯ ದಿನವನ್ನೂ, ಅಲ್ಲಿ ಅವಳಮ್ಮ ಬೀನ್ಸ್ ಮಾರುವುದನ್ನೂ, ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೊಳ್ಳುವುದನ್ನೂ ಉದ್ದಕ್ಕೆ ಬರೆದಳು. ನಮಗೆ ಅವಳು ಕಂಬದೂರಿನವಳೇ ಅನ್ನಿಸಿಬಿಟ್ಟಳು. ಸಾರ್ ಓದಿ, "ಹೆಚ್ಚಿಗೆ ಹೇಳ್ತಾಳೆ" ಅಂದರು.

ಪ್ರತಿ ವಾರ ಅವರು ನಮ್ಮ ಪತ್ರಗಳನ್ನೂ ಅವರ ಪತ್ರಗಳನ್ನೂ ಪ್ರಿಂಟ್ ತೆಗೆಸಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅದು ನಮ್ಮ ಕಣ್ಣಿಗೆ ಬಿತ್ತು. ಕೊನೆಗೆ ಮೂರೂ ಕಾಲೇಜಿನಿಂದ ಒಬ್ಬೊಬ್ಬ ಮೇಷ್ಟ್ರನ್ನು ಪೋಲೆಂಡಿಗೆ ಕರೆಸುತ್ತಾರಂತೆ ಅಂತ ಸುದ್ದಿ ಹಬ್ಬಿತ್ತು. "ನಮ್ ಕೆಲ್ಸಾನೆಲ್ಲ ಕಟ್ಟು ಮಾಡ್ಕಂಡು ತಾನೇ ವಿಮಾನ ಹತ್ತಾಕೆ ನೋಡ್ತಾವ್ರೆ" ಅಂತ ನಾನೇ ಹೇಳಿದೆ. ನನಗೆ ಯಾರೂ ಹೇಳಿರಲಿಲ್ಲ, ನಾನು ನೋಡಿರಲೂ ಇಲ್ಲ. ಐದು ಜನಕ್ಕೂ ಅದು ನಿಜವಾಗಿಬಿಟ್ಟಿತು.

ಪಾಠ ಯಾವುದು ಅನ್ನೋದಕ್ಕೆ ಮಾರ್ತಾ ಒಂದು ದಾರಿ ತೋರಿಸಿದಳು: ಮಧ್ಯಾಹ್ನದ ನೆರಳು. ಮೂರೂ ಕಡೆ ಮಕ್ಕಳು ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ದಿನಾ ಅದರ ನೆರಳು ಅಳೆದು, ಎಲ್ಲರೂ ನೋಡುವ ಒಂದೇ ಪಟ್ಟಿಯಲ್ಲಿ ತುಂಬುವುದು. ಭೂಮಿ ಗುಂಡಗಿದೆ ಅನ್ನೋದನ್ನು ಪುಸ್ತಕ ತೆರೆಯದೆ ಮಕ್ಕಳೇ ಕಂಡುಕೊಳ್ಳಲಿ ಅಂತ. ಸಾರ್‌ಗೆ ಇದು ಹಿಡಿಸಿತು. ಗಡಿಯಾರ ಹನ್ನೆರಡು ಹೊಡೆದಾಗ ಅಳೆಯಿರಿ ಅಂತ ಕಾಗದದಲ್ಲಿತ್ತು. ಸಾರ್ ಅದನ್ನು ಹೊಡೆದುಹಾಕಿದರು. "ಗಡಿಯಾರ ಸರ್ಕಾರದ್ದು, ನೆರಳು ಸೂರ್ಯಂದು. ಹನ್ನೆರಡರಿಂದ ಒಂದರವರೆಗೂ ಐದೈದು ನಿಮಿಷಕ್ಕೆ ಗುರ್ತು ಹಾಕಿ. ಯಾವುದು ಎಲ್ಲಕ್ಕಿಂತ ಗಿಡ್ಡ ಐತೋ ಅದೇ ಮಧ್ಯಾಹ್ನ."

ಬೋಧನಾ ಅಭ್ಯಾಸಕ್ಕೆ ನನ್ನನ್ನೂ ನಾಗರತ್ನನನ್ನೂ ಕಲ್ಯಾಣದುರ್ಗದ ಒಂದು ಶಾಲೆಗೆ ಹಾಕಿದರು. ಅವಳು ನಮ್ಮ ಮನೆಯಲ್ಲೇ ಉಳಿದುಕೊಂಡಳು. ಸೋಮವಾರದಿಂದ ಬುಧವಾರದವರೆಗೆ ಅಳತೆ ನನ್ನದು, ಗುರುವಾರದಿಂದ ಶನಿವಾರ ಅವಳದು. ಶನಿವಾರ ಸಂಜೆ ಅವಳು ನೆಟ್ ಸೆಂಟರಿಗೆ ಹೋಗಿ ವಾರದ ಅಂಕಿಗಳನ್ನೆಲ್ಲ ತನ್ನ ಹೆಸರಿನಲ್ಲಿ ಪಟ್ಟಿಗೆ ಹಾಕುತ್ತಿದ್ದಳು. ನಾನು ಆ ಪಾಸ್‌ವರ್ಡಿನ ಗೊಡವೆಗೇ ಹೋಗಿರಲಿಲ್ಲ. ಏಳನೇ ತರಗತಿಯ ಮಕ್ಕಳು ಕೋಲು ಹಿಡಿಯೋದಕ್ಕೆ ಕಿತ್ತಾಡುತ್ತಿದ್ದರು. ನಮ್ಮ ನೆರಳು ಮುಕ್ಕಾಲು ಮೀಟರಿಗಿಂತ ಕಡಿಮೆ, ಕೀನ್ಯಾದ್ದು ಒಂದು ಮೊಳವೂ ಇಲ್ಲ, ಪೋಲೆಂಡಿನದು ಮೂರು ಮೀಟರಿನ ಮೇಲೆ! "ಅಲ್ಲಿ ಸೂರ್ಯ ಮಲಗೇ ಇರ್ತಾನಾ ಮಿಸ್?" ಅಂತ ಒಬ್ಬ ಹುಡುಗಿ ಕೇಳಿದಳು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ಇಡೀ ಬಿ.ಎಡ್.ನಲ್ಲಿ ನಾನು ಕೇಳಿರಲಿಲ್ಲ.

ಮಾರ್ತಾಳ ಪಟ್ಟಿಯಲ್ಲಿ ಖಾಲಿ ಮನೆಗಳೇ ಹೆಚ್ಚು. ವಾರಕ್ಕೆ ಒಂದೋ ಎರಡೋ ಅಂಕಿ, ಉಳಿದದ್ದೆಲ್ಲ "ಸೂರ್ಯ ಇಲ್ಲ, ಸೂರ್ಯ ಇಲ್ಲ." ನಾವು ಸೋಮಾರಿ ಅಂದುಕೊಂಡೆವು. ಸಾರ್ ಮಾತ್ರ, "ಈ ಹುಡುಗೀನ ನಂಬಬೋದು ಕಣಮ್ಮ" ಅಂದಿದ್ದರು. ಅವರು ಯಾರನ್ನಾದರೂ ನಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜನವರಿಯ ಒಂದು ಮಂಗಳವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ಊರು ಬ್ರಹ್ಮಸಮುದ್ರ. ನಮ್ಮ ಸೋದರತ್ತೆಯ ಮನೆಯೂ ಅಲ್ಲೇ ಇದ್ದದ್ದರಿಂದ ಶಾಸ್ತ್ರ ಅಲ್ಲೇ ಅಂತಾಯಿತು. ಹೆಡ್‌ಮಾಸ್ಟರಿಗೆ ಬಾಯಿಮಾತಲ್ಲಿ ಹೇಳಿ ಬೆಳಿಗ್ಗೆ ಬಸ್ಸು ಹತ್ತಿದೆ. ಆ ಗಡಿಬಿಡಿಯಲ್ಲಿ ಕೋಲು, ಬಿಸಿಲು ಯಾವುದರ ನೆನಪೂ ಆಗಲಿಲ್ಲ. ಬುಧವಾರ ಅಳತೆ ಪುಸ್ತಕ ತೆಗೆದು ನೋಡಿದರೆ ಮಂಗಳವಾರದ ಸಾಲು ಖಾಲಿ. ಸೋಮವಾರ ಅರವತ್ತೊಂಬತ್ತು ಸೆಂಟಿಮೀಟರ್, ಬುಧವಾರ ಅರವತ್ತೆಂಟು. ನಡುವಿನದು ಏನಿರಬಹುದು ಅಂತ ಯಾರಿಗೆ ಗೊತ್ತಾಗಲ್ಲ? ಅರವತ್ತೆಂಟೂವರೆ ಅಂತ ಬರೆದೆ. ನಾಗರತ್ನನಿಗೂ ಹೇಳಲಿಲ್ಲ. ಶನಿವಾರ ಅವಳು ವಾರದ ಅಂಕಿಗಳ ಜೊತೆ ಅದನ್ನೂ ಗಮನಿಸದೆ ಪಟ್ಟಿಗೆ ಹಾಕಿದಳು.

ಮುಂದಿನ ವಾರ ಮಧ್ಯಾಹ್ನದ ಬಸ್ಸಿಗೆ ಸಾರ್ ಕಲ್ಯಾಣದುರ್ಗಕ್ಕೆ ಬಂದಿಳಿದರು, ಹೇಳದೆ ಕೇಳದೆ. ನೇರ ಏಳನೇ ತರಗತಿಗೆ ಹೋಗಿ ಮಕ್ಕಳನ್ನು ಕೇಳಿದರು.

"ಹೋದ ಮಂಗಳವಾರ ಕೋಲು ನೆಟ್ಟಿದ್ರಾ?"

"ಇಲ್ಲ ಸಾರ್, ಮೋಡ ಆಗಿತ್ತು. ಬಿಸಿಲೇ ಇರ್ಲಿಲ್ಲ."

ಸಾರ್ ತಮ್ಮ ಚೀಲದಿಂದ ಪ್ರಿಂಟುಗಳನ್ನು ತೆಗೆದರು. ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದ ಅವೇ ಹಾಳೆಗಳು. ನಮ್ಮ ಪ್ರತಿ ಅಂಕಿಯ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಇನ್ನೊಂದು ಅಂಕಿ ಇತ್ತು. ಆಗ ಗೊತ್ತಾಯಿತು: ಕಾಲೇಜಿನ ಹಿತ್ತಲಲ್ಲಿ ಅವರೂ ಒಂದು ಕೋಲು ನೆಟ್ಟು, ದಿನಾ ಒಬ್ಬರೇ ನಿಂತು ನೆರಳು ಅಳೆಯುತ್ತಿದ್ದರು. ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ವ್ಯತ್ಯಾಸ ಬರಬೇಕು ಅಂತ ಅಂಚಿನಲ್ಲಿ ಬರೆದುಕೊಂಡಿದ್ದರು. ಆ ಮಂಗಳವಾರದ ಪಕ್ಕದಲ್ಲಿ ಮಾತ್ರ ಅಂಕಿ ಇರಲಿಲ್ಲ. 'ಮೋಡ' ಅಂತಿತ್ತು.

ಪಟ್ಟಿಯಲ್ಲಿದ್ದ ಹೆಸರು ನಾಗರತ್ನನದು. ಅವಳನ್ನು ಕರೆದರು.

"ಅಂಕಿ ಸರಿಯಾಗೈತೆ. ಅದಕ್ಕೇ ನಂಗೆ ಸಿಟ್ಟು. ಸರಿಯಾದ ಅಂಕಿನ ನೋಡದಂಗೆ ಬರ್ದಿದ್ದೀಯ. ನಿನ್ ಇಂಗ್ಲಿಷ್ ಕಂಡಾಗ್ಲೇ ನಂಗೆ ಅನುಮಾನ ಇತ್ತು. ಅಳತೆ ಪುಸ್ತಕ ಎಲ್ಲಿ?"

ಪುಸ್ತಕ ನನ್ನ ಚೀಲದಲ್ಲಿತ್ತು. ನಾಗರತ್ನ ನನ್ನ ಕಡೆ ನೋಡಿದಳು. "ಮನೇಲೈತೆ ಸಾರ್" ಅಂದೆ ನಾನು.

ಅವರು ಅವತ್ತೇ ಹಿಂದೂಪುರಕ್ಕೆ ಹೋಗಿ ಮೂರೂ ದೇಶದವರು ಓದುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದರು: ನಮ್ಮ ಕಡೆಯ ನಾಗರತ್ನ ಕೊಟ್ಟ ಮಂಗಳವಾರದ ಅಂಕಿ ಕಟ್ಟುಕತೆ, ದಯವಿಟ್ಟು ತೆಗೆದುಹಾಕಿ. ಅವಳ ಮಾರ್ಕು ತಡೆಹಿಡಿದರು. ಗ್ರೇಸ್ ಅವಳಿಗೆ ಬೇರೆಯಾಗಿ ಬರೆದಳು, "ಇದು ನಿಜವಾ?" ಅಂತ ಅಷ್ಟೇ. ನಾಗರತ್ನ ಉತ್ತರ ಬರೆಯಲಿಲ್ಲ. ನೆಟ್ ಸೆಂಟರಿಗೆ ಹೋಗುವುದನ್ನೇ ಬಿಟ್ಟಳು. ನಮ್ಮ ಮನೆಯಲ್ಲೇ, ನನ್ನ ಪಕ್ಕದ ಚಾಪೆಯಲ್ಲೇ ಮಲಗುತ್ತಿದ್ದಳು. ಒಂದೇ ಒಂದು ಸಲ ಕೇಳಿದೆ, "ಆ ಅಂಕಿ ನಂದು ಅಂತ ನೀನ್ಯಾಕೆ ಅವ್ರಿಗೆ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ಅವ್ರು ನಂಬ್ತಾರಾ? ಬಾಯಿ ಇರೋದು ನಿಂಗೆ ಕಣೆ" ಅಂದಳು.

ಒಂಬತ್ತು ದಿನ ಸುಮ್ಮನಿದ್ದೆ. ಆ ಒಂಬತ್ತು ದಿನ ನನಗೆ ನಾನೇ ಹೇಳಿಕೊಂಡ ಕಾರಣಗಳು ಎಷ್ಟೋ. ಈ ಮನುಷ್ಯ ಹೇಗಿದ್ದರೂ ನಮ್ಮ ಕೆಲಸ ಹೊತ್ತುಕೊಂಡು ವಿಮಾನ ಹತ್ತುವವನು, ಇವನಿಗ್ಯಾಕೆ ಸತ್ಯ ಅನ್ನೋದೂ ಅದರಲ್ಲೊಂದು. ಹತ್ತನೇ ದಿನ ತಡೆಯಲಾರದೆ ಹಿಂದೂಪುರದ ಬಸ್ಸು ಹತ್ತಿ, ಅಳತೆ ಪುಸ್ತಕ ಅವರ ಮೇಜಿನ ಮೇಲಿಟ್ಟು, ಇದ್ದದ್ದು ಇದ್ದಂಗೆ ಹೇಳಿದೆ.

ಸಾರ್ ನಂಬಲಿಲ್ಲ.

"ಸ್ನೇಹಿತೆನ ಉಳಿಸಾಕೆ ಬಂದಿದ್ದೀಯ. ಒಳ್ಳೇದೇ. ಆದ್ರೆ ಒಂಬತ್ತು ದಿನ ಎಲ್ಲಿತ್ತಮ್ಮ ಈ ಪುಸ್ತಕ? ಆಮೇಲೆ ಕೂತ್ಕಂಡು ಬರ್ದಿದ್ರೆ?" ಅಂತ ಕಿಟಕಿಯ ಬೆಳಕಿಗೆ ಹಿಡಿದರು.

"ಇಲ್ಲ ಸಾರ್, ದೇವ್ರಾಣೆ. ಆ ಮಂಗಳವಾರ ನಾನು ಶಾಲೇಲೇ ಇರ್ಲಿಲ್ಲ, ಬ್ರಹ್ಮಸಮುದ್ರದಲ್ಲಿ ನಮ್ಮತ್ತೆ ಮನೇಲಿದ್ದೆ. ಬೇಕಾದ್ರೆ ಯಾರನ್ನಾದ್ರೂ ಕೇಳ್ಕಳಿ."

ಸಿಟ್ಟಿನಲ್ಲಿ ಆಡಿದ ಮಾತು. ಅವರು ನಿಜವಾಗಲೂ ಕೇಳಲು ಹೋಗುತ್ತಾರೆ ಅಂತ ಕನಸಲ್ಲೂ ಅನ್ನಿಸಿರಲಿಲ್ಲ.

ಆ ಭಾನುವಾರವೇ ಹೋಗಿದ್ದರು. ಹೋದವರು ನಮ್ಮತ್ತೆಯ ಮನೆಗೆ ಹೋಗಲಿಲ್ಲ. ಸಂಬಂಧಿಕರ ಮಾತು ಸಾಕ್ಷಿ ಅಲ್ಲವಲ್ಲ! ಎದುರಿಗಿದ್ದ ಟೀ ಅಂಗಡಿಯಲ್ಲಿ ಕೂತು, ಇಂಥ ದಿನ ಮಧ್ಯಾಹ್ನ ಈ ಮನೆಗೆ ಕಲ್ಯಾಣದುರ್ಗದ ಗಿರಣಿಯವರ ಮಗಳು ಬಂದಿದ್ದಳಾ, ಎಷ್ಟು ಹೊತ್ತಿಗೆ ಬಂದಳು, ಎಷ್ಟು ಹೊತ್ತಿಗೆ ಹೋದಳು ಅಂತ ವಿಚಾರಿಸಿದರು. ಟೀ ಅಂಗಡಿಯಿಂದ ಹುಡುಗನ ಮನೆ ನಾಲ್ಕು ಹೆಜ್ಜೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹಿಂದೂಪುರದಿಂದ ಯಾರೋ ಒಬ್ಬ ಗಂಡಸು ಆ ಹುಡುಗಿಯ ಸಮಾಚಾರ ಹುಡುಕಿಕೊಂಡು ಬಂದಿದ್ದನಂತೆ, ಏನೋ ಇರಬೇಕು. ಎರಡು ದಿನ ಕಳೆದು ಮಧ್ಯಸ್ಥಗಾರ ಬಂದು ನಮ್ಮಪ್ಪನಿಗೆ ಹೇಳಿದ, "ಅವ್ರು ಬ್ಯಾಡ ಅಂತಾವ್ರೆ ಕಣಪ್ಪ. ಕಾರಣ ನನ್ನ ಕೇಳ್‌ಬ್ಯಾಡ, ನಿನ್ ಮಗಳನ್ನ ಕೇಳು."

ಆ ಹುಡುಗನ ಮೇಲೆ ನನಗೆ ಅಂಥ ಆಸೆಯೇನೂ ಹುಟ್ಟಿರಲಿಲ್ಲ. ಅರ್ಧ ಗಂಟೆ ನೋಡಿದ್ದೆ ಅಷ್ಟೇ. ಆದರೆ ಅಪ್ಪ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆಯಲಾರೆ. ಏನೂ ಕೇಳಲಿಲ್ಲ. ಗಿರಣಿಗೆ ಹೋದವರು ಊಟಕ್ಕೂ ಬರಲಿಲ್ಲ. ನಾನು ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಕೋಲಿನ ನೆರಳಿಗೋಸ್ಕರ ಯಾವನಾದ್ರೂ ಅಷ್ಟ್ ದೂರ ಬತ್ತಾನಾ?" ಅಂದಳು. ಅಮ್ಮನೂ ನಂಬಲಿಲ್ಲ.

ಸಂಬಂಧ ಮುರಿದ ವಿಷಯವನ್ನು ಸಾರ್‌ಗೆ ಹೇಳಿದ್ದು ನಾನಲ್ಲ, ನಾಗರತ್ನ. ಮಾರನೆಯ ದಿನವೇ ಅವರು ನಮ್ಮ ಗಿರಣಿಯ ಮುಂದೆ ಬಂದು ನಿಂತರು. ಅಪ್ಪ ಯಂತ್ರ ನಿಲ್ಲಿಸಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಹೊರಗೆ ಬಂದರು.

"ಬ್ರಹ್ಮಸಮುದ್ರಕ್ಕೆ ಹೋಗಿದ್ದೋರು ನೀವೇನಾ?"

"ನಾನೇ."

"ನನ್ ಮಗಳ ಹತ್ರ ನಿಮ್ಗೇನ್ ಕೆಲ್ಸ?"

ಹೀಗೆ ಅವರನ್ನು ನೆಟ್ಟ ಕಣ್ಣಲ್ಲಿ ಅನುಮಾನಿಸಿ ನಿಲ್ಲಿಸಿ ಕೇಳಿದವರು ಅದಕ್ಕೆ ಮೊದಲು ಯಾರಾದರೂ ಇದ್ದರೋ ಇಲ್ಲವೋ. ಸಾರ್ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲಿಲ್ಲ.

"ನಿಮ್ ಹುಡುಗಿ ಒಂದು ತಪ್ಪು ಮಾಡಿದ್ಲು. ತಾನಾಗೇ ಬಂದು ಒಪ್ಕಂಡ್ಳು. ನಾನ್ ನಂಬ್ಲಿಲ್ಲ. ಅವತ್ತೇ ನಂಬಿದ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ಅವ್ರ ಮನೆಗೆ ನಾನೇ ಹೋಯ್ತೀನಿ, ಎಲ್ರ ಮುಂದೆ ಹೇಳ್ತೀನಿ."

ಅಪ್ಪ ಕೈಗೆ ಮೆತ್ತಿದ ಹಿಟ್ಟು ಕೊಡವಿಕೊಂಡರು. "ಬ್ಯಾಡ. ನೀವು ಇನ್ನೊಂದ್ ಸಲ ಆ ಊರಿಗೆ ಹೋದ್ರೆ ಇನ್ನೊಂದ್ ಕತೆ ಹುಟ್ತದೆ" ಅಂದು ಯಂತ್ರ ಚಾಲು ಮಾಡಿದರು. ಸಾರ್ ಆ ಸದ್ದಿನಲ್ಲೇ ಇನ್ನೂ ಏನೋ ಹೇಳಿದರು, ಕೇಳಿಸಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಡೆದುಕೊಂಡು ಹೋದರು. ಅಪ್ಪ ಆವತ್ತು ಊಟಕ್ಕೆ ಮನೆಗೆ ಬಂದರು.

ಕಾಲೇಜಿಗೆ ಮರಳಿದ ದಿನ ಸಾರ್ ಐದೂ ಜನರನ್ನು ಕಂಪ್ಯೂಟರ್ ಕೋಣೆಗೆ ಕರೆದು, ನಾಗರತ್ನನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಎಲ್ಲರೂ ನೋಡುತ್ತಿರುವಾಗ ಒಂದೊಂದೇ ಅಕ್ಷರ ಒತ್ತಿ ಬರೆದರು: ಆ ಅಂಕಿ ನಾಗರತ್ನನದಲ್ಲ, ಪರೀಕ್ಷಿಸದೆ ಅವಳ ಹೆಸರು ಹೇಳಿದ್ದು ನನ್ನ ತಪ್ಪು, ಮೂರೂ ಕಾಲೇಜಿನ ಮುಂದೆ ಅವಳ ಕ್ಷಮೆ ಕೇಳುತ್ತೇನೆ. ಆಮೇಲೆ ನನ್ನ ಕಡೆ ತಿರುಗಿ, "ನಿಂದು ನೀನ್ ಬರಿ" ಅಂದರು. ನನ್ನ ಹರಕು ಇಂಗ್ಲಿಷಿನಲ್ಲಿ ನಾನೂ ಬರೆದೆ. ಮೂರು ದಿನಕ್ಕೆ ಗ್ರೇಸ್‌ಳಿಂದ ಉತ್ತರ ಬಂತು: ನಾನೂ ಎರಡು ದಿನ ಅಂದಾಜಿನಲ್ಲಿ ತುಂಬಿದ್ದೆ, ತೆಗೆದುಹಾಕಿದ್ದೇನೆ. ಸಾರ್ ಅದನ್ನು ಓದಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಬಾಯಿ ತೆರೆದರು. ಏನನ್ನಿಸಿತೋ, ನಾಗರತ್ನ ಕೂತಿದ್ದನ್ನು ಕಂಡು ಮುಚ್ಚಿಕೊಂಡರು.

ಪೋಲೆಂಡಿಗೆ ಕರೆ ಬಂದದ್ದು ನಿಜ. ಹೋದವರು ಪ್ರಿನ್ಸಿಪಾಲರು. ಸಾರ್‌ಗೆ ಪಾಸ್‌ಪೋರ್ಟೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ನನ್ನ ಮಾರ್ಕು ಅವರು ಕಡಿಮೆ ಮಾಡಿದರು, ನ್ಯಾಯವಾಗೇ. ನಾಗರತ್ನನಿಗೆ ಕೊಟ್ಟದ್ದು ಎಲ್ಲರಿಗಿಂತ ಹೆಚ್ಚು, ಆದರೂ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ. ಅಷ್ಟಾದ ಮೇಲೂ ಅವರು ಬದಲಾದರು ಅಂತ ಹೇಳಿದರೆ ಸುಳ್ಳಾದೀತು.

ಸಾವಿನ ಸುದ್ದಿ ಬಂದ ಮೇಲೆ ನಾಗರತ್ನನಿಗೆ ಫೋನ್ ಮಾಡಿದೆ. ಅವಳೀಗ ಕಂಬದೂರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್. ವರ್ಷಕ್ಕೊಮ್ಮೆ ಮಾತಾಡಿದರೆ ಹೆಚ್ಚು. "ತಿಥಿಗೆ ಲೇಪಾಕ್ಷಿ ಕಡೆ ಹೋಗಿ ಬರೋಣ ಬಾರೆ" ಅಂದೆ.

"ನೀನ್ ಹೋಗ್ ಬಾ. ನಾನ್ ಬರಾಕಿಲ್ಲ."

"ಇನ್ನೂ ಸಿಟ್ಟಾ ಅವ್ರ ಮೇಲೆ? ಪಾಪ, ಅಷ್ಟ್ ಜನದ ಮುಂದೆ ತಪ್ಪಾಯ್ತು ಅಂದ್ರಲ್ಲೆ."

"ಅವ್ರ ಮೇಲೆ ನಂಗ್ಯಾಕೆ ಸಿಟ್ಟು? ಅವ್ರು ಅಂದ್ರು" ಅಂದಳು. ಆಮೇಲೆ ಅದೇ ದನಿಯಲ್ಲಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ, "ನೀನು ಕೀನ್ಯಾಗೆ ಬರ್ದೆ, ಪೋಲೆಂಡಿಗೆ ಬರ್ದೆ. ಪಕ್ಕದ ಕುರ್ಚೀಲಿ ನಾನ್ ಕೂತಿದ್ದೆ ಕಣೆ. ನಂಗೆ ಒಂದ್ ಮಾತು ಹೇಳ್ಲಿಲ್ಲ ನೀನು" ಅಂದಳು.

ಇಷ್ಟು ವರ್ಷ ಇವಳು ನನ್ನಿಂದ ಯಾಕೆ ದೂರ ಇದ್ದಾಳೆ ಅಂತ ನಾನು ಏನೇನೋ ಊಹಿಸಿದ್ದೆ. ಸರ್ಕಾರಿ ನೌಕರಿ ಸಿಕ್ಕಿದ ಜಂಬ ಅಂತಲೂ ಅಂದುಕೊಂಡಿದ್ದೆ.

"ತಪ್ಪಾಯ್ತು ಕಣೆ ನಾಗೂ" ಅಂದೆ.

ದೂರದಲ್ಲಿ ಅವಳ ಶಾಲೆಯ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಯಾರನ್ನೋ ಸುಮ್ಮನಿರು ಅಂತ ತೆಲುಗಿನಲ್ಲಿ ಗದರಿ, ಫೋನಿಗೆ ಮರಳಿ ಬಂದಳು.

"ಯಾವ ಬಸ್ಸಿಗೆ ಹೊರಡ್ತೀಯ?" ಅಂತ ಕೇಳಿದಳು.